ದುಭಾಷಿ ಇಲ್ಲದ ದಿನ

"ತಕಾರ ನಿನ್ನೆಗೇ ಮುಗೀತಪ್ಪ," ಎನ್ನುತ್ತ ವೆಂಕಟರತ್ನಮ್ಮ ಬಚ್ಚಲೊಲೆಗೆ ಇನ್ನೊಂದು ಹಿಡಿ ಚೀಟಿ ತುರುಕಿದರು. "ಇವತ್ತಿಂದ ದಕಾರ."

ಕೋದಂಡಪ್ಪನ ಎದೆ ಹೊಡೆದುಕೊಂಡ ಸದ್ದಿಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿ ಎರಡು ಮಾರು ಹಿಂದಕ್ಕೆ ಸರಿಯಿತು. ಅವನು ಕೇಳಲಿಲ್ಲ, ಹೇಳಲಿಲ್ಲ. ಮೊಣಕೈವರೆಗೆ ಒಲೆಯೊಳಗೆ ಕೈ ಹಾಕಿದ.

ಹೊರಬಂದದ್ದು ಹದಿನೇಳು ಚೀಟಿ, ಮೂರು ಬೊಬ್ಬೆ. ಚೀಟಿಗಳಲ್ಲಿ ಒಂಬತ್ತು ಕರಿಯಾಗಿದ್ದವು. ಉಳಿದ ಎಂಟರಲ್ಲಿ ಅವನಿಗೆ ಬೇಕಾದದ್ದು ಇರಲಿಲ್ಲ.

ವೆಂಕಟರತ್ನಮ್ಮ ಅವನ ಕೈಯನ್ನೂ ಮುಖವನ್ನೂ ನೋಡಿದರು. ಮಳೆಗೆ ಸೌದೆಯೆಲ್ಲ ಒದ್ದೆಯಾಗಿದೆ, ಗಂಡ ಸತ್ತು ಆರು ತಿಂಗಳಾಯಿತು, ಈ ಚೀಟಿಗಳನ್ನು ಕೇಳಿಕೊಂಡು ಒಂದು ನರಪಿಳ್ಳೆ ಬರಲಿಲ್ಲ, ನೀರಾದರೂ ಕಾಯಲಿ ಅಂತ ಹಾಕುತ್ತಿದ್ದೇನೆ ಎಂದು ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು. ಉಳಿದ ಪೆಟ್ಟಿಗೆಗಳು ನಡುಮನೆಯಲ್ಲಿವೆ, ಬೇಕಾದರೆ ನೋಡಿಕೋ ಎಂದರು.

ಅವರ ಗಂಡ ಆದಿನಾರಾಯಣ ಮೇಷ್ಟ್ರು ಬದುಕಿದ್ದಷ್ಟು ದಿನ ಮಾಡಿದ್ದು ಒಂದೇ ಕೆಲಸ, ಪದ ಹುಡುಕಿ ಚೀಟಿಗೆ ಬರೆದಿಡುವುದು. ಜನ ಪದ ಕೂಡಿಸಿದರೆ ಬೆಳೆ, ಬೀಜ, ದನ, ಮೀನು ಅಂತ ಕೂಡಿಸುತ್ತಾರೆ. ಈ ಮಹಾನುಭಾವ ಮಾತಿನ ಮೇಲಿನ ಮಾತುಗಳನ್ನು ಮಾತ್ರ ಕೂಡಿಸಿದರು. ಅಕ್ಷರ ಎಂದರೇನು, ನುಡಿ ಎಲ್ಲಿಂದ ಬಂತು, ಸೊಲ್ಲಿಗೂ ಮಾತಿಗೂ ಏನು ವ್ಯತ್ಯಾಸ, ಇಷ್ಟೇ. ಕನ್ನಡದ ಮಾತು, ತೆಲುಗಿನ ಮಾಟ, ತಮಿಳಿನ ಮಾಟ್ರಂ ಒಂದೇ ಬೇರಿನವು ಎಂದು ಹೇಳಲು ಅವರು ಓಡುವ ರೈಲಿನಿಂದ ಇಳಿದು, ತರಕಾರಿ ಮಾರುವವಳನ್ನು ಹಿಡಿದು ನಿಲ್ಲಿಸಿದ್ದುಂಟು. ಚೀಟಿಗಳು ಒಂದು ಲಕ್ಷ ಎಂದು ಪೇಟೆಯೆಲ್ಲ ಹೇಳುತ್ತಿತ್ತು. ಗಣಿಯಿಂದ ತಂದ ಖಾಲಿ ಡೈನಮೈಟ್ ಪೆಟ್ಟಿಗೆಗಳಲ್ಲಿ ಅಕಾರದಿಂದ ಳಕಾರದವರೆಗೆ ಸಾಲಾಗಿ ಜೋಡಿಸಿಟ್ಟಿದ್ದರು.

ಹೆಂಡತಿ ಸುಡುವುದನ್ನೂ ಅಕಾರದಿಂದಲೇ ಶುರುಮಾಡಿದ್ದರು. ಮೇಷ್ಟ್ರ ಮನೆಯ ಶಿಸ್ತು. 'ಅಕ್ಷರ: ಕ್ಷರವಿಲ್ಲದ್ದು, ಅಳಿಯದ್ದು' ಎಂಬ ಚೀಟಿ ಮೊದಲ ದಿನವೇ ಬೂದಿಯಾಗಿತ್ತು. ಅರಬ್ಬಿಯಿಂದ ಹೊರಟು ಪಾರಸಿಯವರ ಮನೆಯಲ್ಲಿ ಉಳಿದು ನಮ್ಮ ಕಚೇರಿಗೆ ಬಂದ 'ಜವಾಬು' ಮೊನ್ನೆ ಹೋಗಿತ್ತು. 'ತರ್ಜುಮೆ' ನಿನ್ನೆ.

ಕೋದಂಡಪ್ಪ ನಡುಮನೆಗೆ ಹೋಗಿ ದಕಾರದ ಪೆಟ್ಟಿಗೆಯನ್ನು ನೆಲಕ್ಕೆ ಸುರಿದುಕೊಂಡ.

ಅವನು ತಾಲ್ಲೂಕು ಕಚೇರಿ ಎದುರಿನ ಮರದಡಿ ಕೂತು ಅರ್ಜಿ ಬರೆದುಕೊಡುವವನು. ಅವನ ಅರ್ಜಿಯ ಎರಡನೇ ಸಾಲಿಗೆ ಅಮಲ್ದಾರರು ಕರವಸ್ತ್ರ ತೆಗೆಯುತ್ತಿದ್ದರು, ನಾಲ್ಕನೆಯದಕ್ಕೆ ಕಚೇರಿಯ ಗೋಡೆ ಬೆವರುತ್ತಿತ್ತು. ಪೊಲೀಸರು ಕೈಬಿಟ್ಟ ಮೂರು ಕೊಲೆ, ಹನ್ನೊಂದು ಕಳವು, ಒಂದು ಎಮ್ಮೆಯ ನಾಪತ್ತೆಯನ್ನು ಆ ಮರದಡಿ ಕೂತೇ ಬಿಡಿಸಿದ್ದ. ಆದರೆ ಪೆರುಮಾಳ್ ಎಂಬವನ ಹೆಂಡತಿ ಮುನಿಗಂಗಮ್ಮ ಬಂದು ಕೇಳಿಕೊಂಡ ಮೇಲೆ ಅವಳ ಗಂಡನ ಪರವಾಗಿ ಅವನು ಬರೆದ ಹದಿನಾಲ್ಕು ಅರ್ಜಿಗಳೂ ಹೋದ ದಾರಿಯಲ್ಲೇ ವಾಪಸು ಬಂದಿದ್ದವು.

ಪೆರುಮಾಳ್ ನಂದಿದುರ್ಗ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವವನು. ಹೋದ ವರ್ಷ, ಐವತ್ತೆಂಟರ ನವೆಂಬರಿನಲ್ಲಿ, ಕಾವಲಿನ ಜಮೇದಾರ್ ಮುನಿಶಾಮಪ್ಪ ಗಣಿಯ ಕಸ ಸುರಿದ ಸೈನೈಡ್ ಗುಡ್ಡದ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಕಂಡವರಿಲ್ಲ, ಆಯುಧವಿಲ್ಲ. ಇದ್ದದ್ದು ಮ್ಯಾಜಿಸ್ಟ್ರೇಟರ ಮುಂದೆ ಪೆರುಮಾಳ್ ಕೊಟ್ಟ ಎರಡು ಹಾಳೆಯ ಹೇಳಿಕೆ: ನಾನೇ ಹೊಡೆದೆ. ಕೆಳಗೆ ಅವನ ಹೆಬ್ಬೆಟ್ಟು. ಗಲ್ಲಿಗೆ ಇನ್ನು ಹನ್ನೊಂದು ದಿನವಿತ್ತು. ಶಿಕ್ಷೆಯಾದ ದಿನದಿಂದ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ವಕೀಲರ ಮುಂದೆಯೂ ಇಲ್ಲ, ಕೋದಂಡಪ್ಪನ ಮುಂದೆಯೂ ಇಲ್ಲ.

ಹೇಳಿಕೆಯ ನಕಲು ಕೋದಂಡಪ್ಪನಿಗೆ ಕಂಠಪಾಠವಾಗಿತ್ತು. ಕೊನೆಯ ಸಾಲು ನಿದ್ದೆಯಲ್ಲೂ ಬರುತ್ತಿತ್ತು: '17ನೇ ನವೆಂಬರ್ 1958, ಬೆಳಗ್ಗೆ ಹನ್ನೊಂದು ಗಂಟೆ, ನಂದಿದುರ್ಗ ಕ್ಯಾಂಪು. ಆಪಾದಿತನ ಭಾಷೆಯಲ್ಲಿ ನಾನೇ ಓದಿ ಹೇಳಿದೆ, ಸರಿಯೆಂದು ಒಪ್ಪಿದ. ಜಯರಾಮಪ್ಪ, ದುಭಾಷಿ.'

ಮೊನ್ನೆ ಸ್ಟೇಷನ್ ಮುಂದಿನ ಹೋಟೆಲಿನಲ್ಲಿ ಇದೇ ಜಯರಾಮಪ್ಪ ಊರಿಗೆಲ್ಲ ಕೇಳುವಂತೆ ಜಂಬ ಕೊಚ್ಚುತ್ತಿದ್ದ. ಮೇಷ್ಟ್ರ ಪುಸ್ತಕ ಅಚ್ಚಾಗಿದ್ದರೆ ಅದರಲ್ಲಿ ತನ್ನ ಹೆಸರಿರುತ್ತಿತ್ತು, ದುಭಾಷಿ ಎಂಬ ಪದದ ಹುಟ್ಟು ಬೆಳವಣಿಗೆಯೆಲ್ಲ ಹೇಳಿಕೊಟ್ಟದ್ದು ತಾನೇ, ಹೋದ ವರ್ಷ ದೀಪಾವಳಿ ಕಳೆದ ಸೋಮವಾರ ಅವರ ಜಗಲಿಯಲ್ಲಿ ಕೂತು, ಎಂದು. ಕೋದಂಡಪ್ಪನ ಕೈಯಲ್ಲಿದ್ದ ಬನ್ನು ಚಹಾದಲ್ಲೇ ಕರಗಿಹೋಯಿತು. ದೀಪಾವಳಿ ಕಳೆದ ಸೋಮವಾರವೇ ಹದಿನೇಳನೇ ತಾರೀಖು.

ಹಾಗಾಗಿ ಈ ಒಲೆ, ಈ ಬೊಬ್ಬೆ.

ದಕಾರದಲ್ಲಿ ಸಿಗಲಿಲ್ಲ. ಮತ್ತೆ ಹುಡುಕಿದ, ಸಿಗಲಿಲ್ಲ. ಪಕ್ಕದ ಪೆಟ್ಟಿಗೆಗಳನ್ನೂ ಸುರಿದ. 'ಪದ: ಮೊದಲು ಕಾಲು, ಆಮೇಲೆ ಹೆಜ್ಜೆ, ಆಮೇಲೆ ಮಾತಿನ ತುಂಡು.' 'ವ್ಯಾಕರಣ: ಬಿಡಿಸಿ ಬೇರೆ ಮಾಡುವುದು.' 'ಸೊಲ್ಲು: ತಮಿಳಿನಲ್ಲಿ ಸೊಲ್. ತೆಲುಗಿನವರು ಕಾಡುಹರಟೆಗೆ ಸೊಲ್ಲು ಅನ್ನುತ್ತಾರೆ.' ಈ ಕೊನೆಯದರ ಕೆಳಗೆ ಹೇಳಿದವನ ಹೆಸರು ಪೆರುಮಾಳ್ ಎಂದಿತ್ತು, ಪಕ್ಕದಲ್ಲಿ ಹೆಬ್ಬೆಟ್ಟು. ಮಾತಿಗೆ ಹೆಸರು ಹೇಳಿಕೊಟ್ಟವನು ಈಗ ಮಾತನ್ನೇ ಬಿಟ್ಟು ಕೂತಿದ್ದ. ಕೋದಂಡಪ್ಪ ಅದನ್ನು ಬೇಗ ಕೆಳಗಿಟ್ಟ.

ಮೇಷ್ಟ್ರ ಕ್ರಮವೇ ಹಾಗೆ. ಪ್ರತಿ ಚೀಟಿಯ ಮೇಲೆ ಪದ, ಅದರ ಬೇರು, ಹೇಳಿದವರ ಹೆಸರು, ಜಾಗ, ದಿನ, ವೇಳೆ. ಅಡಿಯಲ್ಲಿ ರುಜು, ರುಜು ಬಾರದಿದ್ದರೆ ಹೆಬ್ಬೆಟ್ಟು. ಕೋರ್ಟಿನವರಿಗಿಂತ ಮೇಷ್ಟ್ರೇ ಕಟ್ಟುನಿಟ್ಟು.

ಮಧ್ಯಾಹ್ನದ ಗಾಡಿ ಕೂಗುವ ಹೊತ್ತಿಗೆ ಚೀಟಿ ಸಿಕ್ಕಿತು. ವೆಂಕಟರತ್ನಮ್ಮನೇ ಕೊಟ್ಟರು. ಒಲೆ ಹೊತ್ತಿಸಲು ಸುರುಳಿ ಸುತ್ತಿ ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡಿದ್ದ ನಾಲ್ಕರಲ್ಲಿ ಅದೂ ಒಂದು.

'ದುಭಾಷಿ. ಸಂಸ್ಕೃತದ ದ್ವಿ, ಭಾಷಾ. ಎರಡು ಭಾಷೆ ಬಲ್ಲವನು. ಮದರಾಸಿನ ಇಂಗ್ಲಿಷರ ಬಾಯಲ್ಲಿ ದುಬಾಷ್ ಆಗಿ, ಅಲ್ಲಿ ವ್ಯಾಪಾರದ ದಲ್ಲಾಳಿಗೂ ಅದೇ ಹೆಸರಾಯಿತು. ಹೇಳಿದವರು ಜಯರಾಮಪ್ಪ. ನಮ್ಮ ಜಗಲಿ. 17-11-58, ಬೆಳಗ್ಗೆ 10ರಿಂದ 12.30.' ಕೆಳಗೆ ಬಾಲ ಸುತ್ತಿದ ರುಜು. ಹೇಳಿಕೆಯ ಮೇಲಿದ್ದ ಅದೇ ಬಾಲ, ಅದೇ ಸುತ್ತು.

ಒಬ್ಬ ಮನುಷ್ಯ ಒಂದೇ ಬೆಳಗ್ಗೆ ಬಂಗಾರಪೇಟೆಯ ಜಗಲಿಯಲ್ಲೂ ನಂದಿದುರ್ಗದ ಕ್ಯಾಂಪಿನಲ್ಲೂ ಇರಲಾರ. ಅಷ್ಟು ಸಾಕು ಎಂದಿದ್ದರು ಬೆಂಗಳೂರಿನ ವಕೀಲರು. ದುಭಾಷಿ ಅಲ್ಲಿರಲಿಲ್ಲ ಎಂದು ತೋರಿಸಿಬಿಡು, ಗಲ್ಲಿಗೆ ತಡೆ ತರುತ್ತೇನೆ.

ಕೋದಂಡಪ್ಪ ಅವತ್ತು ಸ್ಟೇಷನ್ನಿಗೆ ಓಡಿದ ಓಟವನ್ನು ನೋಡಿದ ಪೇಟೆಯ ಕುದುರೆಗಳು ಒಂದು ವಾರ ತಲೆ ಎತ್ತಲಿಲ್ಲ.

*

ಜಯರಾಮಪ್ಪ ಗಣಿ ಊರಿನ ಕೋರಮಂಡಲ್‌ನಲ್ಲಿ ಒಂಟಿಯಾಗಿದ್ದ. ಈಚೆಗಷ್ಟೇ ಪಿಂಚಣಿಗೆ ಬಂದ ಮುದುಕ, ಐದು ಭಾಷೆಯಲ್ಲಿ ಬೈಯಬಲ್ಲವನು. ಆರನೆಯದರಲ್ಲಿ ಕ್ಷಮೆ ಕೇಳಬಲ್ಲನೆಂದೂ ಹೇಳುತ್ತಿದ್ದರು, ಯಾರೂ ಕೇಳಿರಲಿಲ್ಲ. ಬಿದಿರು ತಟ್ಟಿಯ ನೆರಳಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದ.

"ಏನಪ್ಪ ಅರ್ಜಿ ಕೋದಂಡ," ಎಂದ. "ಹದಿನೈದನೇದು ಬರೆಯೋಕೆ ಇಂಕು ಬೇಕಿತ್ತಾ?"

ಕೋದಂಡಪ್ಪ ಹೇಳಿಕೆಯ ಸುದ್ದಿಯನ್ನೇ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು, ಮೇಷ್ಟ್ರ ಚೀಟಿಗಳನ್ನು ಮೈಸೂರಿನ ಯಾರೋ ಪಂಡಿತರು ಅಚ್ಚು ಹಾಕಿಸುತ್ತಾರಂತೆ, ಹೆಸರುಗಳನ್ನು ತಾಳೆ ನೋಡುತ್ತಿದ್ದೇನೆ ಎಂದ. ಈ ಸುಳ್ಳನ್ನು ಎಷ್ಟು ನಯವಾಗಿ ಹೇಳಿದನೆಂದರೆ ಅರೆಗಳಿಗೆ ಅವನೇ ನಂಬಿದ. ದುಭಾಷಿ ಎಂಬ ಪದದ ಮುಂದೆ ಕೋಲಾರದ ಇನ್ನೊಬ್ಬ ದುಭಾಷಿಯ ಹೆಸರಿದೆ, ಹಾಗೇ ಬಿಡಲೇ ಎಂದು ಕೇಳಿದ.

ಕುಟ್ಟುವ ಸದ್ದು ನಿಂತಿತು.

"ಯಾವನ್ಲಾ ಅವನು?" ಎಂದ ಜಯರಾಮಪ್ಪ. "ಅವನಿಗೆ ದ್ವಿ ಅಂದ್ರೆ ಗೊತ್ತಾ? ದುಬಾಷ್ ಗೊತ್ತಾ? ಮದರಾಸಿನಾಗೆ ನಮ್ಮ ತಾತನೇ ದುಬಾಷಿ ಕಣ್ಲಾ. ನಾನು ಎರಡೂವರೆ ಗಂಟೆ ಕೂತು ಬರೆಸಿದೀನಿ."

"ಯಾವತ್ತು?"

"ದೀಪಾವಳಿ ಆದ ಸೋಮವಾರ. ಒಂಬತ್ತೂವರೆ ಗಾಡೀಲಿ ಇಳಿದೆ. ಮೇಷ್ಟ್ರ ಹೆಂಡ್ತಿ ಎರಡು ಲೋಟ ಕಾಫಿ ಕೊಟ್ರು, ಒಂದರಲ್ಲಿ ಸಕ್ಕರೆ ಇರಲಿಲ್ಲ. ರುಜೂನೂ ಮಾಡಿದೀನಿ. ತಗಿ ಆ ಚೀಟಿ."

ಕೋದಂಡಪ್ಪ ತೆಗೆದ. ತೊಡೆಯ ಮೇಲೆ ಇಟ್ಟುಕೊಂಡ. ಪಕ್ಕದಲ್ಲಿ ಹೇಳಿಕೆಯ ನಕಲನ್ನೂ ಇಟ್ಟ.

ಮುದುಕ ಎರಡನ್ನೂ ನೋಡಿದ. ಅವನ ಮುಖದಿಂದ ಬಣ್ಣ ಇಳಿದು ಹೋದದ್ದು ಕೆಳಗಡೆ ಗಣಿಯ ಹತ್ತು ಸಾವಿರ ಅಡಿ ಆಳದಲ್ಲಿ ನಿಂತವರಿಗೂ ಕಂಡಿರಬೇಕು. ಆಮೇಲೆ ನಕ್ಕ.

"ಒಳ್ಳೆ ಬಲೆ ಬೀಸ್ದೆ ಬಿಡು. ನನ್ನ ಜಂಬಕ್ಕೇ ಗಾಳ."

ಆಮೇಲೆ ಎಲ್ಲ ಹೇಳಿದ. ಮ್ಯಾಜಿಸ್ಟ್ರೇಟರು ಬಂದು ಕೂರುವ ನಾಲ್ಕು ಕ್ಯಾಂಪು, ಒಬ್ಬ ದುಭಾಷಿ, ಮಂಡಿನೋವು ಬೇರೆ. ಅದಕ್ಕೇ ತಿಂಗಳ ಮೊದಲಲ್ಲೇ ಹತ್ತು ಖಾಲಿ ಫಾರಂಗಳ ಅಡಿಯಲ್ಲಿ 'ಓದಿ ಹೇಳಿದೆ, ಒಪ್ಪಿದ' ಎಂದು ರುಜು ಹಾಕಿ ಕ್ಯಾಂಪಿನ ರೈಟರ್ ಕೈಗೆ ಕೊಟ್ಟುಬಿಡುತ್ತಿದ್ದ. ಕಾಲು ಮುರಿದದ್ದು, ಕೋಳಿ ಕದ್ದದ್ದು, ಇಂಥವಕ್ಕೆ. ಇಪ್ಪತ್ತು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ. ಕೊಲೆಯ ಹೇಳಿಕೆಗೂ ಅದೇ ಫಾರಂ ಬಳಸುತ್ತಾರೆಂದು ತನಗೆ ಕನಸೂ ಬಿದ್ದಿರಲಿಲ್ಲ ಎಂದ. ಮ್ಯಾಜಿಸ್ಟ್ರೇಟರು ಇಂಗ್ಲಿಷ್ ಬಿಟ್ಟು ಏನೂ ತಿಳಿಯದ ಪರ ಊರಿನವರು, ಎರಡೂ ಕಣ್ಣಿಗೆ ಪೊರೆ. ಎದುರಿಗೆ ಕೂತವರು ಯಾರೆಂದು ಅವರು ನೋಡಲಿಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ.

"ಕೋರ್ಟಿಗೆ ಬಂದು ಇದನ್ನ ಹೇಳ್ತೀಯಾ?"

"ಬತ್ತೀನಿ. ಪಿಂಚಣಿ ಹೋದ್ರೆ ಹೋಗಲಿ. ಒಂದು ಜೀವ ನನ್ನ ಮಂಡಿನೋವಿಗೆ ಹೋಗೋದು ಬೇಡ." ಜಯರಾಮಪ್ಪ ಮುಂದಕ್ಕೆ ಬಾಗಿದ. "ಆದ್ರೆ ಬಂದ ಮೇಲೆ ಪೂರ್ತಿ ಹೇಳ್ತೀನಿ. ಅರ್ಧ ಹೇಳೋದು ನನ್ನ ಕಸುಬಲ್ಲ. ನೀನು ಇರಲಿಲ್ಲ ಸರಿ, ಮತ್ಯಾರು ಇದ್ರು ಅಂತ ಮೊದಲನೇ ಪ್ರಶ್ನೆ ಕೇಳ್ತಾರೆ. ಅದು ನಂಗೆ ಗೊತ್ತು. ರೈಟರ್ ಅವತ್ತು ಸಾಯಂಕಾಲವೇ ಬಂದು ಹೇಳ್ದ."

"ಯಾರು?" ಎಂದ ಕೋದಂಡಪ್ಪ.

"ಬೇಡ ಕಣ್ಲಾ, ಕೇಳಬೇಡ."

"ಹೇಳಣ್ಣ."

"ಕ್ಯಾಂಪಿನ ಬಾಗಿಲಲ್ಲಿ ಗಂಡನಿಗೆ ಊಟದ ಕ್ಯಾರಿಯರ್ ಹಿಡ್ಕೊಂಡು ನಿಂತಿದ್ಲು. ದೊರೆ ಬಂಗಲೇಲಿ ಆಯಾ, ನಾಲ್ಕು ಭಾಷೆ ಬತ್ತದೆ. ರೈಟರ್ ಅವಳನ್ನೇ ಒಳಕ್ಕೆ ಕರೆದ. ನಿನ್ನ ಕೈಗೆ ಈ ಕೇಸು ಕೊಟ್ಟೋಳೇ ಅವಳು."

*

ನಂದಿದುರ್ಗದ ಕೂಲಿ ಲೈನಿನಲ್ಲಿ ಮುನಿಗಂಗಮ್ಮ ಅಕ್ಕಿ ಆರಿಸುತ್ತಿದ್ದಳು. ಹೆಗಲಿಗೆ ಹೆಗಲು ತಾಗಿಸಿ ನಿಂತ ನೂರಾರು ತಟ್ಟಿಮನೆಗಳಲ್ಲಿ ಅವಳದು ಕೊನೆಯದು. ನಾಲ್ಕು ಗಂಟೆಯ ಬಿಸಿಲಿತ್ತು. ಪಾಳಿ ಮುಗಿಸಿದವರು ನಲ್ಲಿಯ ಹತ್ತಿರ ಮೈ ತೊಳೆಯುತ್ತಿದ್ದರು.

ಕೋದಂಡಪ್ಪ ಬಂದ ದಾರಿಯೆಲ್ಲ ಸಿಟ್ಟನ್ನು ಕೂಡಿಸಿಕೊಂಡು ಬಂದಿದ್ದ. ಎಂಟು ತಿಂಗಳು. ಹದಿನಾಲ್ಕು ಅರ್ಜಿ. ಕೋಲಾರ, ಬೆಂಗಳೂರು, ಜೈಲು ಎಂದು ಅವಳ ಜೊತೆ ಅವನು ತಿರುಗಿದ ದಾರಿಯನ್ನು ಒಂದೇ ಉದ್ದಕ್ಕೆ ಹಾಸಿದ್ದರೆ ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗಿ ಬರಬಹುದಿತ್ತು. ಒಂದು ದಿನವೂ ಅವಳು ಈ ಮಾತು ಎತ್ತಿರಲಿಲ್ಲ.

ಅವಳ ಮುಖ ನೋಡಿದ ಮೇಲೆ ಆ ಸಿಟ್ಟಿನಲ್ಲಿ ಒಂದು ಹಿಡಿಯೂ ಉಳಿಯಲಿಲ್ಲ. ಚೀಟಿಯನ್ನು ಮೊರದ ಅಂಚಿನಲ್ಲಿಟ್ಟ. ಅವಳು ಓದಿದಳು. ಆಶ್ಚರ್ಯಪಡಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ನೆಂಟರು ಬಂದಾಗ ನೋಡುವಂತೆ ಅವನನ್ನು ನೋಡಿದಳು.

"ಅವತ್ತು ದುಭಾಷಿ ಜಾಗದಾಗೆ ಕೂತಿದ್ದು ನೀನಾ?"

"ಹೂನಣ್ಣ."

"ಕಾಗದದಾಗೆ ಇದ್ದದ್ದು ನಿನಗೆ ತಿಳೀತಾ?"

"ಒಂದಕ್ಷರ ಬಿಡದಂಗೆ ತಿಳೀತು. ಒಂದಕ್ಷರ ಬಿಡದಂಗೆ ಅವನಿಗೆ ತಮಿಳಿನಾಗೆ ಹೇಳ್ದೆ. ಇದಕ್ಕೆ ಒತ್ತಿದ್ರೆ ಉಸಿರು ಹೋಯ್ತದೆ ಅಂತಾನೂ ಹೇಳ್ದೆ, ಅದು ಕಾಗದದಾಗೆ ಇರಲಿಲ್ಲ." ಅವಳ ಕೈ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇತ್ತು. "ನಗುತ್ತಾ ಒತ್ತಿದ."

ಕೋದಂಡಪ್ಪ ಅವಳೆದುರು ನೆಲದ ಮೇಲೆ ಕೂತ. ಹಾಗಾದರೆ ಪೆರುಮಾಳ್‌ನನ್ನು ಯಾರೂ ಮೋಸಗೊಳಿಸಿರಲಿಲ್ಲ. ತಿಳಿದೇ ಒತ್ತಿದ್ದ, ಯಾರಿಗೋ ಬದಲಾಗಿ.

"ಇಷ್ಟು ದಿನ ಯಾಕಮ್ಮ ಬಾಯಿ ಬಿಡಲಿಲ್ಲ?"

ಆಣೆ ಎಂದಳು ಮುನಿಗಂಗಮ್ಮ. ಪೊಲೀಸರಿಗೆ ಒಪ್ಪಿಸಿಕೊಳ್ಳುವ ಮುಂಚೆ ಪೆರುಮಾಳ್ ಅವಳ ಕೈಯನ್ನು ಮಗಳ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡಿದ್ದ. ಜಮೇದಾರನ ಸಾವಿನ ಬಗ್ಗೆ ಅವಳಾಗಿ ಅವಳ ಬಾಯಿಂದ ಒಂದು ಮಾತು ಬರಕೂಡದು. ಬಂದರೆ ಮಗಳಿಗೆ ತಗಲುತ್ತದೆ. ಅವಳು ಅದನ್ನು ಮೀರಲಾರಳು, ಗಂಡ ಸಾಯುವುದನ್ನೂ ನೋಡಲಾರಳು. ಮೂರು ತಿಂಗಳು ಯೋಚನೆ ಮಾಡಿ ಒಂದು ಸಂದಿ ಕಂಡುಕೊಂಡಳು.

"ನಾನಾಗಿ ಹೇಳಬಾರದು ಅಂತ ಆಣೆ. ಇನ್ಯಾರಾದ್ರೂ ಕಂಡುಹಿಡ್ಕೊಂಡು ಬಂದು ಕೇಳಿದ್ರೆ ಸುಳ್ಳು ಹೇಳು ಅಂತ ಆಣೆ ಹಾಕಿಲ್ಲ. ಅದಕ್ಕೇ ನಿನ್ನ ಹತ್ರ ಬಂದೆ ಅಣ್ಣ. ಬಂಗಾರಪೇಟೇಲಿ ನಿನ್ನಷ್ಟು ಬುದ್ಧಿವಂತ ಇಲ್ಲ ಅಂದ್ರು. ನೀನು ಬಂದು ಕೇಳಲಿ ಅಂತ ಎಂಟು ತಿಂಗಳಿಂದ ಕಾಯ್ತಾ ಇದೀನಿ."

ಭೂಮಂಡಲದಲ್ಲಿ ಪತ್ತೆದಾರರು ಹುಟ್ಟಿದಂದಿನಿಂದ ತನ್ನನ್ನೇ ಹಿಡಿಯಲು ಪತ್ತೆದಾರನನ್ನು ಗೊತ್ತುಮಾಡಿದವಳು ಇವಳೊಬ್ಬಳೇ ಇರಬೇಕು. ಬೇರೆ ದಿನವಾಗಿದ್ದರೆ ಕೋದಂಡಪ್ಪ ಇದನ್ನು ಹೋಟೆಲಿನಲ್ಲಿ ಹತ್ತು ವರ್ಷ ಹೇಳಿಕೊಂಡು ತಿರುಗುತ್ತಿದ್ದ. ಎಂಟು ತಿಂಗಳು ಇವಳ ಪಕ್ಕದಲ್ಲೇ ಬಸ್ಸಿನಲ್ಲಿ ಕೂತಿದ್ದ. ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ಈಗ ಕೇಳಿದ. "ಜಮೇದಾರನಿಗೆ ಹೊಡೆದದ್ದು ನೀನಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಯಾರು?"

ಅವಳು ಮೊರವನ್ನು ಕೆಳಗಿಟ್ಟಳು. ನೋಡಬಾರದೆಂದು ಎಷ್ಟು ಬಿಗಿಹಿಡಿದರೂ ಅವಳ ಕಣ್ಣು ಗೋಡೆಯ ಕಡೆಗೆ ಹೋಯಿತು. ಅಲ್ಲಿ ಒಂದು ಮದುವೆಯ ಫೋಟೋ ಇತ್ತು. ಮಗಳು ಪೊನ್ನಮ್ಮ, ಹದಿನೆಂಟು ವರ್ಷ. ಹೋದ ಮಾಘದಲ್ಲಿ, ಅಪ್ಪನ ಕೇಸು ನಡೆಯುತ್ತಿರುವಾಗಲೇ, ಅವಸರದಲ್ಲಿ ಬೂದಿಕೋಟೆಗೆ ಕೊಟ್ಟಿದ್ದರು. ಈಗ ಏಳು ತಿಂಗಳ ಬಸುರಿ.

ಫೋಟೋದಲ್ಲಿ ಹುಡುಗಿಯ ಬಲಗೈ ಮಣಿಕಟ್ಟಿನಲ್ಲಿ ಉದ್ದನೆಯ ಗಾಯದ ಗುರುತಿತ್ತು. ಎಷ್ಟು ಬಳೆ ತೊಡಿಸಿದ್ದರೂ ಮುಚ್ಚಿರಲಿಲ್ಲ. ಯಾರೋ ಹಿಡಿದು ಎಳೆದ ಗುರುತು. ಜಮೇದಾರನ ನಡತೆ ಲೈನಿನ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಯಾರೂ ಕೋರ್ಟಿನಲ್ಲಿ ಹೇಳಿರಲಿಲ್ಲ ಅಷ್ಟೆ.

ಕೋದಂಡಪ್ಪ ಚೀಟಿಯನ್ನು ಕೈಗೆ ತೆಗೆದುಕೊಂಡ. ಇದನ್ನು ವಕೀಲರಿಗೆ ಕೊಟ್ಟರೆ ಜಯರಾಮಪ್ಪ ಬರುತ್ತಾನೆ, ಪೂರ್ತಿ ಹೇಳುತ್ತಾನೆ. ಆಮೇಲೆ ಮುನಿಗಂಗಮ್ಮನನ್ನು ಕಟಕಟೆಗೆ ಏರಿಸುತ್ತಾರೆ, ಅವನು ಈಗ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾರೆ. ಕೊಡದಿದ್ದರೆ ಹನ್ನೊಂದು ದಿನ. ಮೂರು ಕೊಲೆ ಬಿಡಿಸಿದ ತಲೆಗೆ ಮೂರನೇ ದಾರಿ ಹೊಳೆಯಲಿಲ್ಲ.

"ಯಾರನ್ನ ಉಳಿಸಲಿ, ಹೇಳಮ್ಮ," ಎಂದ. ಅವನಿಗೇ ಅದು ಬೇಡಿದಂತೆ ಕೇಳಿಸಿತು.

ಮುನಿಗಂಗಮ್ಮ ಬಾಯಿ ತೆರೆದಳು. ಅವಳ ನಾಲ್ಕು ಭಾಷೆಗಳಲ್ಲಿ ಒಂದೂ ಕೈ ಹಿಡಿಯಲಿಲ್ಲ.

ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ಬೂದಿಕೋಟೆ ಬಸ್ಸಿನ ಧೂಳು ಮೈತುಂಬ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ.

"ನಂಗ್ಯಾರೂ ಆಣೆ ಹಾಕ್ಸಿಲ್ಲ ಕಣಮ್ಮ," ಎಂದಳು ಪೊನ್ನಮ್ಮ. ಗಂಟನ್ನು ಕೆಳಗಿಟ್ಟು ಕೋದಂಡಪ್ಪನ ಕಡೆ ತಿರುಗಿದಳು. "ಬರ್ಕೋ ಮಾವ. ಅವತ್ತು ಆ ಗುಡ್ಡದ ಹತ್ರ..."

ಮೊರ ಮಗುಚಿಬಿತ್ತು. ಮುನಿಗಂಗಮ್ಮ ಒಂದೇ ನೆಗೆತಕ್ಕೆ ಬಾಗಿಲಿಗೆ ಹೋಗಿ ಮಗಳ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದಳು. ಅಂಗೈಯ ಹಿಂದೆ ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.